ಈಜಿಪ್ಟ್ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೈಮುಗಿದ ಚಿತ್ರಗಳು, ದೀಪದ ಚಿತ್ರಗಳು, 'ಓಂ ಶಾಂತಿ'ಗಳು ಸಾಲುಗಟ್ಟಿ ಬಿದ್ದವು. ಮಣ್ಣಿಗೆ ಹೋದವರು ಮಾತ್ರ ಒಬ್ಬರೂ ಇಲ್ಲ. ನಾನೂ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಸುದ್ದಿ ಬರುವಷ್ಟರಲ್ಲಿ ಮೂರು ದಿನ ಕಳೆದುಹೋಗಿತ್ತು. ಬಾಡಿಗೆ ಮನೆಯ ಓನರೇ ಮುಂದೆ ನಿಂತು ಎಲ್ಲ ಮುಗಿಸಿದರಂತೆ. ಗುಂಪಿನಲ್ಲಿ ಯಾರೋ 'ಸಾರ್‌ದು ಒಂದು ಫೋಟೋ ಇದ್ರೆ ಹಾಕ್ರಪ್ಪ' ಎಂದ. ಯಾರ ಹತ್ತಿರವೂ ಇರಲಿಲ್ಲ. ನನಗೆ ಬಂದ ಸಿಟ್ಟಿಗೆ ಮೊಬೈಲನ್ನು ಮಂಚದ ಮೇಲೆ ಎಸೆದೆ.

ಫೋಟೋ ಇಲ್ಲದ ಮೇಲೆ ಇದನ್ನಾದರೂ ಬರೆದಿಡೋಣ ಅನ್ನಿಸಿತು. ಹೆಸರು ಹೇಳುವುದಿಲ್ಲ. ಆ ಮನುಷ್ಯನಿಗೆ ಬದುಕಿನಲ್ಲಿ ಬೇಕಾಗಿದ್ದುದು ಒಂದೇ ಒಂದು: ಚಿಕ್ಕ ವಯಸ್ಸಿನಲ್ಲಿ ತೀರಿಹೋದ ಹೆಂಡತಿಯ ಮುಖವನ್ನು ಇನ್ನೊಂದು ಸಲ ನೋಡುವುದು. ಊರಿನ ಸತ್ತವರ ಮುಖವನ್ನೆಲ್ಲ ಬರೆದುಕೊಟ್ಟವರಿಗೆ ಅದೊಂದು ಮುಖ ಮಾತ್ರ ಕೈಗೆ ಸಿಕ್ಕಿರಲಿಲ್ಲ.

ಹಾಸನದಲ್ಲಿ ಒಂದು ದಿನಸಿ ಅಂಗಡಿಯ ಮಹಡಿಯ ಮೇಲೆ ನಮ್ಮ ಚಿತ್ರಕಲಾ ಶಾಲೆ ಇತ್ತು. ಎರಡು ಕೋಣೆ, ಒಂದು ಮೊಗಸಾಲೆ. ಕೆಳಗೆ ಒಣಮೆಣಸಿನಕಾಯಿ ಮೂಟೆ ಇಳಿಸಿದ ದಿನ ಪಾಠದ ತುಂಬ ಸೀನು. ನಾನು ಸಾಲಗಾಮೆ ಕಡೆಯವಳು, ದಿನಾ ಬಸ್ಸಿನಲ್ಲಿ ಜೋತುಬಿದ್ದು ಬರುತ್ತಿದ್ದೆ. ಹೂವು, ಹಣ್ಣು, ಮಡಕೆ ಬರೆಯುವುದನ್ನು ಕಲಿಸುತ್ತಾರೆ ಎಂದು ಸೇರಿದವಳಿಗೆ ಮೊದಲ ದಿನವೇ ಈ ಸಣಕಲು ಮನುಷ್ಯ ಬೋರ್ಡಿನ ಮೇಲೆ 'ಪ್ರಾಚೀನ ನಾಗರಿಕತೆಗಳ ಕಲೆ' ಎಂದು ಗುಂಡಗೆ ಬರೆದು, "ಈಜಿಪ್ಟಿಂದ ಶುರು ಮಾಡೋಣ" ಎಂದರು. ಹಿಂದಿನ ಬೆಂಚಿನಲ್ಲಿದ್ದ ಹೊಳೆನರಸೀಪುರದ ಒಬ್ಬ "ಸಾ, ಹಳೇಬೀಡು ಇಲ್ಲೇ ಐತಲ್ಲ ಸಾ, ಅಷ್ಟು ದೂರ ಯಾಕೆ ಓಗ್ಬೇಕು?" ಎಂದು ಕೇಳಿಯೇಬಿಟ್ಟ. ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. "ಪಕ್ಕದ ಮನೆಯೋರು ಎಲ್ಲೂ ಹೋಗಲ್ಲ ಕಣಪ್ಪ. ದೂರದ ನೆಂಟರನ್ನ ಮೊದಲು ಮಾತಾಡಿಸೋಣ" ಎಂದರು. ಅವತ್ತಿನಿಂದ ಅವರು ಈಜಿಪ್ಟ್ ಮೇಷ್ಟ್ರು.

ಅವರ ಹತ್ತಿರ ಇದ್ದುದು ಒಂದೇ ಪುಸ್ತಕ. ರಟ್ಟು ಕಿತ್ತುಹೋಗಿ ಹಳೆಯ ಕ್ಯಾಲೆಂಡರಿನ ಹಾಳೆ ಸುತ್ತಿದ್ದ ದಪ್ಪ ಇಂಗ್ಲಿಷ್ ಪುಸ್ತಕ, ಒಳಗೆಲ್ಲ ಕಪ್ಪುಬಿಳುಪು ಚಿತ್ರಗಳು. ಅದನ್ನು ರಾತ್ರಿಯೆಲ್ಲ ಡಿಕ್ಷನರಿ ಇಟ್ಟುಕೊಂಡು ಓದಿ ಬೆಳಗ್ಗೆ ನಮಗೆ ಕನ್ನಡದಲ್ಲಿ ಹೇಳುವರು. ಉಬ್ಬುಶಿಲ್ಪಕ್ಕೂ ದುಂಡುಶಿಲ್ಪಕ್ಕೂ ಏನು ವ್ಯತ್ಯಾಸ? "ಗೋಡೆಗೆ ತಟ್ಟಿದ ಬೆರಣಿ ಉಬ್ಬುಶಿಲ್ಪ. ಹಿಂದೆ ಗೋಡೆ ಅಂಟಿಕೊಂಡಿರುತ್ತೆ, ಎದುರಿಗೇ ನಿಂತು ನೋಡಬೇಕು. ಅದೇ ಸಗಣೀಲಿ ಹಬ್ಬದ ದಿನ ಗೊಂಬೆ ಮಾಡಿ ಹೊಸಲ ಹತ್ರ ಕೂರಿಸಿದ್ರೆ ಅದು ದುಂಡುಶಿಲ್ಪ, ಸುತ್ತ ತಿರುಗಿ ಬಂದು ನೋಡಬಹುದು." ನಾವು ಬಿದ್ದು ಬಿದ್ದು ನಕ್ಕೆವು. ಪರೀಕ್ಷೆಯಲ್ಲಿ ಮಾತ್ರ ಆ ಪ್ರಶ್ನೆಯನ್ನು ಒಬ್ಬರೂ ತಪ್ಪು ಮಾಡಲಿಲ್ಲ.

ಒಂದು ಸಲ ಇಡೀ ತರಗತಿಯನ್ನು ಬಸ್ ಸ್ಟ್ಯಾಂಡ್ ಹತ್ತಿರ ಕರೆದುಕೊಂಡು ಹೋಗಿ ಒಂದು ದೊಡ್ಡ ಫ್ಲೆಕ್ಸಿನ ಮುಂದೆ ನಿಲ್ಲಿಸಿದರು. ಮೇಲೆ ಒಬ್ಬ ಲೀಡರಿನ ಆಳೆತ್ತರದ ಚಿತ್ರ, ಅವರ ಕಾಲ ಹತ್ತಿರ ಮೊಣಕಾಲುದ್ದದ ಇನ್ನು ನಾಲ್ಕು ಜನ, ತೀರಾ ಕೆಳಗೆ ಕಡಲೆಕಾಳಿನಷ್ಟು ಮುಖಗಳ ಸಾಲು. "ಇದು ಸ್ಥಾನ ನೋಡಿ ಕೊಡೋ ಪ್ರಮಾಣ. ದೊರೆ ದೊಡ್ಡೋನು, ಮಂತ್ರಿ ಅವನಿಗಿಂತ ಚಿಕ್ಕೋನು, ಆಳು ಇರುವೆ. ಸಾವಿರಾರು ವರ್ಷದ ಹಿಂದೆ ನೈಲ್ ನದಿ ದಡದಲ್ಲಿ ಹಿಂಗೇ ಬರೀತಿದ್ರು. ನೋಟ್ಸ್ ಬರ್ಕೊಳ್ಳಿ." ನಡುರಸ್ತೆಯಲ್ಲಿ ನಿಂತು ನೋಟ್ಸ್ ಬರೆದುಕೊಂಡೆವು. ಫ್ಲೆಕ್ಸ್ ಕಟ್ಟಿದವರ ಕಡೆಯ ಒಬ್ಬ ಬಂದು "ಏನ್ರೀ ಅದು ಬರ್ಕೊಂತಿರೋದು? ಕಂಪ್ಲೇಂಟಾ?" ಎಂದು ಗದರಿದ. ಮೇಷ್ಟ್ರು ಅವನಿಗೂ ಈಜಿಪ್ಟಿನ ಕತೆ ಶುರು ಹಚ್ಚಿಕೊಂಡರು. ಪಾಪ, ಅವನೇ ಕೈಮುಗಿದು ಹೊರಟುಹೋದ.

ಮಾತು ಇಷ್ಟು ಚೆನ್ನಾಗಿ ಆಡುವವರು ಪಾಠ ಮುಗಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡವರಂತೆ ಇರುತ್ತಿದ್ದರು. ಊಟದ ಡಬ್ಬಿಯನ್ನು ಗೋಡೆಯ ಕಡೆ ತಿರುಗಿ ಕೂತು ಉಣ್ಣುವರು. ಉಳಿದ ಮೇಷ್ಟ್ರುಗಳಿಗೆ ಈಜಿಪ್ಟೂ ಬೇಡ, ಸುಮೇರಿಯಾನೂ ಬೇಡ, ಅವರಿಗೆ ತುಟ್ಟಿಭತ್ಯೆಯ ಮಾತು ಬೇಕು. ಒಮ್ಮೆ ನಾನು ಉತ್ತರಪತ್ರಿಕೆಯಲ್ಲಿ, ಸುಮೇರಿಯಾದ ಜನ ತಮ್ಮ ಬದಲಿಗೆ ಒಂದು ಕಲ್ಲಿನ ಗೊಂಬೆಯನ್ನು ಗುಡಿಯಲ್ಲಿ ನಿಲ್ಲಿಸಿ ಬರುತ್ತಿದ್ದರು, ಮನೆಯವರೆಲ್ಲ ಹೊಲಕ್ಕೆ ಹೋದಾಗ ಅದೊಂದೇ ಅಲ್ಲಿ ಕೈಕಟ್ಟಿಕೊಂಡು ಕಣ್ಣರಳಿಸಿ ನಿಂತಿರುತ್ತಿತ್ತು ಎಂದು ಬರೆದಿದ್ದೆ. ಅದರ ಪಕ್ಕ ಕೆಂಪು ಶಾಯಿಯಲ್ಲಿ 'ಹೌದಮ್ಮ' ಎಂದು ಬರೆದಿದ್ದರು. ಅಂಕ ಹಾಕುವುದನ್ನೇ ಮರೆತಿದ್ದರು. ನಾನು ಹೋಗಿ ಜಗಳ ಮಾಡಿ ಹಾಕಿಸಿಕೊಂಡೆ.

ಆ ಪುಸ್ತಕದಲ್ಲಿ ಅವರಿಗೆ ಬಹಳ ಇಷ್ಟವಾದ ಒಂದು ಪುಟವಿತ್ತು. ಈಜಿಪ್ಟಿನಲ್ಲಿ ಕಡೇ ಕಾಲಕ್ಕೆ, ರೋಮಿನವರು ಆಳುತ್ತಿದ್ದಾಗ, ಸತ್ತವರ ಮುಖವನ್ನು ಮರದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದು ಹೆಣದ ಮೇಲೆ ಕಟ್ಟುತ್ತಿದ್ದರಂತೆ. ಅಂಥದೊಂದು ಹೆಂಗಸಿನ ಚಿತ್ರ. ಹೆಸರಿಲ್ಲ, ಊರಿಲ್ಲ, ದೊಡ್ಡ ಕಣ್ಣು ಬಿಟ್ಟುಕೊಂಡು ನೇರ ನಮ್ಮನ್ನೇ ನೋಡುತ್ತಾಳೆ. "ನೋಡಮ್ಮ, ಅವಾಗ್ಲೇ ನನ್ನ ಕಸುಬು ಮಾಡೋನು ಒಬ್ಬ ಇದ್ದ" ಎನ್ನುವರು.

ಅವರ ಕಸುಬು ಏನೆಂದರೆ, ಹಾಸನದ ಒಂದು ಫೋಟೋ ಸ್ಟುಡಿಯೋದಿಂದ ಅವರಿಗೆ ಸತ್ತವರ ಸಣ್ಣ ಫೋಟೋಗಳು ಬರುತ್ತಿದ್ದವು. ಅದನ್ನು ನೋಡಿಕೊಂಡು ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಬಣ್ಣದಲ್ಲಿ ಬರೆದುಕೊಡಬೇಕು. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಒಂದು ನಂಬರು, ಜೊತೆಗೆ ಪಿನ್ನು ಚುಚ್ಚಿದ ಒಂದು ಚೀಟಿ. 'ಪೇಟ ಹಾಕಿ.' 'ಹಲ್ಲು ಮುಚ್ಚಿ.' 'ಕೂದಲು ಕಪ್ಪು ಮಾಡಿ.' ಗಂಡ ಇರುವಾಗಲೇ ತೀರಿಕೊಂಡ ಹೆಂಗಸಾದರೆ ಒಂದೇ ಮಾತು: 'ಮುತ್ತೈದೆ.' ಅಷ್ಟು ಬರೆದರೆ ಸಾಕು. ಹಣೆ ತುಂಬ ಕುಂಕುಮ, ಮೂಗುಬೊಟ್ಟು, ಓಲೆ, ಹಸಿರಂಚಿನ ಕೆಂಪು ಸೀರೆ, ತಲೆ ತುಂಬ ಮಲ್ಲಿಗೆ ಎಲ್ಲ ತಾನಾಗಿ ಬರುತ್ತಿತ್ತು. ಫೋಟೋದಲ್ಲಿ ಆಯಮ್ಮ ಹರಕು ಸೀರೆಯಲ್ಲಿ ಹುಲ್ಲಿನ ಹೊರೆ ಹೊತ್ತಿದ್ದರೂ ಗೋಡೆಗೆ ಬರುವಾಗ ಮದುವಣಗಿತ್ತಿ. "ಇದನ್ನ ರೂಢಿ ಅಂತಾರೆ. ಒಂದು ಕಾಲದ ಚಿತ್ರಗಾರರು ಯೋಚನೆ ಮಾಡ್ದೆ ಒಂದೇ ಥರ ಬರೆಯೋದು. ಪರೀಕ್ಷೇಲಿ ರೂಢಿಗೆ ಉದಾಹರಣೆ ಕೇಳಿದ್ರೆ ನನ್ನ ಮುತ್ತೈದೇರನ್ನ ಬರೀರಿ" ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವರು.

ಸತ್ತವರ ಹೆಸರನ್ನು ಮಾತ್ರ ಕೇಳುತ್ತಿರಲಿಲ್ಲ. ಸ್ಟುಡಿಯೋದವನು ಹೇಳಲು ಬಂದರೂ ತಡೆಯುವರು. "ನಂಬರ್ ಸಾಕು. ಹೆಸರು ಗೊತ್ತಾದ್ರೆ ಹೆಂಗೆ ಸತ್ರು ಅಂತ ಕೇಳ್ಬೇಕು ಅನ್ಸುತ್ತೆ. ಕೇಳಿದ್ರೆ ಆಮೇಲೆ ಕೈ ಓಡಲ್ಲ." ಚಿತ್ರದ ಮೂಲೆಯಲ್ಲಿ ತಮ್ಮ ಹೆಸರನ್ನೂ ಹಾಕುತ್ತಿರಲಿಲ್ಲ. ಆದರೂ ನನಗೆ ಗೊತ್ತಾಗುತ್ತಿತ್ತು. ಚನ್ನರಾಯಪಟ್ಟಣದ ನೆಂಟರ ಮನೆಯಲ್ಲಿ ಒಂದು ಅಜ್ಜಿಯ ಚಿತ್ರ ನೋಡಿದವಳೇ ಮಾರನೇ ದಿನ ಬಂದು, "ಸಾರ್, ಆ ಅಜ್ಜಿಗೆ ನಿಮ್ಮ ಈಜಿಪ್ಟಿನೋಳ ಕಣ್ಣು ಇಟ್ಟಿದೀರಲ್ಲ!" ಎಂದೆ. ಅವರು ಕಳ್ಳತನ ಸಿಕ್ಕಿಬಿದ್ದವರ ಹಾಗೆ ನಾಚಿಕೊಂಡರು. "ಆ ಥರ ಸಣ್ಣ ಫೋಟೋದಲ್ಲಿ ಕಣ್ಣು ಎಲ್ಲಿರುತ್ತಮ್ಮ? ಎರಡು ಚುಕ್ಕಿ ಅಷ್ಟೆ. ಎಲ್ಲಿಂದಾದ್ರೂ ತರಬೇಕಲ್ಲ" ಎಂದರು.

ಹೆಂಡತಿಯ ಕತೆ ನನಗೆ ಗೊತ್ತಾಗಿದ್ದು ನನ್ನ ಬಾಯಿಬಡುಕತನದಿಂದಲೇ. ಹೊಳೆನರಸೀಪುರದ ಕಡೆ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಾಗ ಸ್ವೀಟ್ ತೆಗೆದುಕೊಂಡು ಅವರ ಬಾಡಿಗೆ ಮನೆಗೆ ಹೋಗಿದ್ದೆ. ನಾಲ್ಕು ಗೋಡೆಯೂ ಬೋಳು. "ಏನ್ ಸಾರ್, ಊರಿನೋರಿಗೆಲ್ಲ ಬರೆದುಕೊಟ್ಟು ನಿಮ್ಮ ಮನೆಯೋರ್ದು ಒಂದು ಬರೆದು ಹಾಕ್ಕೊಂಡಿಲ್ವಾ?" ಎಂದು ಕೇಳಿಬಿಟ್ಟೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ಅವರು ಸ್ವೀಟ್ ಡಬ್ಬಿಯ ದಾರ ಬಿಚ್ಚುತ್ತ, "ನೋಡಿಕೊಂಡು ಬರೆಯಕ್ಕೆ ಏನೂ ಇಲ್ಲ ಕಣಮ್ಮ" ಎಂದರು.

ದಂಡಿಗನಹಳ್ಳಿಯ ಕಡೆಯ ತುಂಬಿದ ಮನೆ ಅವರದು. ಅರಕಲಗೂಡು ತಾಲ್ಲೂಕಿನಿಂದ, ರುದ್ರಪಟ್ಟಣದ ಹತ್ತಿರದ ಹಳ್ಳಿಯಿಂದ ಹೆಣ್ಣು ತಂದಿದ್ದರು. ಮದುವೆಗೆ ಫೋಟೋದವನು ಬಂದಿದ್ದ, ಪಕಪಕ ಬೆಳಕೂ ಬಿಟ್ಟಿದ್ದ. ಆಮೇಲೆ ನೋಡಿದರೆ ಕ್ಯಾಮರಾದಲ್ಲಿ ರೀಲೇ ತಿರುಗಿರಲಿಲ್ಲ. ಒಂದು ವರ್ಷವೂ ತುಂಬಲಿಲ್ಲ. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಹೋದವಳು ಹೆರಿಗೆಯಲ್ಲಿ ಮಗುವಿನ ಜೊತೆಗೇ ಹೋಗಿಬಿಟ್ಟಳು. ಸುದ್ದಿ ಮುಟ್ಟಿ ಇವರು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆಸ್ಪತ್ರೆಗೆ ಯಾಕೆ ಸೇರಿಸಲಿಲ್ಲ ಎಂದು ಇವರ ಅಮ್ಮ ಕೇಳಿದರು, ಕಡ್ಡಿ ಆಗಿರೋಳನ್ನ ಯಾಕೆ ಕಳಿಸಿದ್ರಿ ಎಂದು ಅವಳ ಅಮ್ಮ ಕೇಳಿದರು. ಅಲ್ಲಿಗೆ ಎರಡು ಮನೆಗಳಿಗೂ ಹೋಗಿಬರುವುದು ನಿಂತುಹೋಯಿತು. ಇವರು ಇನ್ನೊಂದು ಮದುವೆಯಾಗಲಿಲ್ಲ.

"ನೆನಪಿನಿಂದ ಬರೀಬಹುದಲ್ಲ ಸಾರ್?" ಎಂದೆ. ಬೀರು ತೆಗೆದು ಒಂದು ಕಟ್ಟು ಹಾಳೆ ತೋರಿಸಿದರು. ಎಲ್ಲವೂ ಪಕ್ಕದ ಮುಖ. ಒಲೆಯ ಮುಂದೆ ಬಗ್ಗಿದ ಕತ್ತು, ಮೂಗಿನ ಗೆರೆ, ಕಿವಿಯ ಹಿಂದೆ ಸಿಕ್ಕಿಸಿದ ಕೂದಲು. "ಮನೇಲಿ ಅಪ್ಪ, ಅಮ್ಮ, ಅಣ್ಣಂದಿರು. ಅವರ ಮುಂದೆ ಎದುರಾಎದುರು ಕೂತು ಮುಖ ನೋಡೋದುಂಟಾ? ನಾನು ನೋಡಿದ್ದೆಲ್ಲ ಪಕ್ಕದಿಂದಾನೇ. ಈಜಿಪ್ಟಿನೋರು ಪಕ್ಕದ ಮುಖಕ್ಕೆ ಎದುರಿನ ಕಣ್ಣು ಇಡ್ತಿದ್ರಲ್ಲ, ಅವರಿಗೆ ಕಣ್ಣು ಹೆಂಗಿತ್ತು ಅನ್ನೋದಾದ್ರೂ ಗೊತ್ತಿತ್ತು. ನನಗೆ ಅದೂ ಗೊತ್ತಿಲ್ಲ. ಈಗೀಗ ಮೂಗೂ ಮಾಸ್ತಾ ಇದೆ."

ಆಮೇಲೆ ಎಷ್ಟು ಸಲ ಅವರ ತಲೆ ತಿಂದೆನೋ. ಹೆಂಡತಿಯ ತವರಿನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ, ಹೋಗಿ ಕೇಳೋಣ ಬನ್ನಿ ಎಂದು. "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎನ್ನುವರು. ಹೀಗೇ ವರ್ಷಗಳು ಕಳೆದವು. ಅವರಿಗೆ ರಿಟೈರ್ ಆಯಿತು, ಸ್ಟುಡಿಯೋದವನು ಕಂಪ್ಯೂಟರ್ ತಂದು ಆರ್ಡರ್ ಕೊಡುವುದನ್ನು ನಿಲ್ಲಿಸಿದ, ಎರಡು ಕಣ್ಣಿಗೂ ಪೊರೆ ಬಂತು. ಒಂದು ದಿನ ಅವರೇ ಫೋನ್ ಮಾಡಿ, "ಬಲಗಣ್ಣು ಅಷ್ಟಕ್ಕಷ್ಟೇ ಆಯ್ತಮ್ಮ. ಹೋಗೋದಾದ್ರೆ ಈಗಲೇ ಹೋಗ್ಬೇಕು" ಎಂದರು.

ಅವರು ಹಾಸನದಿಂದ, ನಾನು ಹೊಳೆನರಸೀಪುರದಿಂದ ಬಂದು ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಸೇರಿದೆವು. ಕ್ಷೌರ ಮಾಡಿಸಿಕೊಂಡು ಇಸ್ತ್ರಿ ಶರಟು ಹಾಕಿಕೊಂಡು ಬಂದಿದ್ದರು. ಕಂಕುಳಲ್ಲಿ ಹಳೆಯ ದುಪ್ಪಟಿ ಸುತ್ತಿದ ಡ್ರಾಯಿಂಗ್ ಬೋರ್ಡು, ಜೇಬಿನಲ್ಲಿ ಆರು ಪೆನ್ಸಿಲು, ಎಲ್ಲವನ್ನೂ ಸೂಜಿಯ ಹಾಗೆ ಚೂಪು ಮಾಡಿದ್ದರು. "ಫೋಟೋ ಕೊಡಲ್ಲ ಅಂದ್ರೂ ಅಲ್ಲೇ ಕೂತು ಬರ್ಕೊಂಡು ಬರ್ತೀನಿ. ಅರ್ಧ ಗಂಟೆ ಸಾಕು." ಹಳ್ಳಿಯ ಬಸ್ಸು ಹತ್ತಿದ ಮೇಲೆ ಧೈರ್ಯ ಇಳಿಯಿತು. "ಮುಖಕ್ಕೆ ಬಾಗಿಲು ಹಾಕಿದ್ರೆ?" ಎಂದರು. "ಹಾಕಿದ್ರೆ ಕಿಟಕೀಲಿ ಕೇಳೋಣ, ಸುಮ್ನಿರಿ ಸಾರ್" ಎಂದೆ.

ಬಾಗಿಲು ತೆರೆದವರು ಐವತ್ತು ದಾಟಿದ ಹೆಂಗಸು, ಹೆಂಡತಿಯ ತಂಗಿ. ಅಕ್ಕನ ಮದುವೆಯಲ್ಲಿ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿ. ಗಂಡು ಮಕ್ಕಳಿಲ್ಲದ ಮನೆಯಾದ್ದರಿಂದ ಗಂಡನನ್ನು ಮನೆ ಅಳಿಯನಾಗಿ ಮಾಡಿಕೊಂಡು ಅಲ್ಲೇ ಉಳಿದಿದ್ದರು. ಮೇಷ್ಟ್ರು ತಮ್ಮ ಊರಿನ ಹೆಸರು ಹೇಳಿ ತಲೆ ತಗ್ಗಿಸಿ ನಿಂತರು. ಆಯಮ್ಮ ಒಂದು ಗಳಿಗೆ ನೋಡಿ, "ಭಾವ ಅಲ್ವರಾ ನೀವು?" ಎಂದವರೇ ಸೆರಗು ಬಾಯಿಗೆ ಇಟ್ಟುಕೊಂಡರು. "ಈಗ ಬಂದ್ರಾ ಭಾವ? ಅವ್ವ ಇರಗಂಟ ಕಾಯ್ತಿದ್ಲು. ಒಳ್ಳೇ ಉಡುಗ ಅವ್ನು, ನಾವೇ ದೂರ ಮಾಡ್ಕಂಡೋ ಅಂತಿದ್ಲು." ಕೈಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು. ಇಷ್ಟು ವರ್ಷ ಎರಡೂ ಕಡೆಯವರು ಯಾವ ಸಿಟ್ಟಿಗೆ ಹೆದರಿಕೊಂಡು ಕೂತಿದ್ದರೋ ಆ ಸಿಟ್ಟು ಅಲ್ಲಿ ಇರಲೇ ಇಲ್ಲ.

ಫೋಟೋದ ಮಾತನ್ನು ನಾನೇ ಎತ್ತಿದೆ. "ಐತಲ್ಲ! ಬನ್ನಿ, ಒಳೀಕ್ ಬನ್ನಿ" ಎಂದು ನಡುಮನೆಗೆ ಕರೆದುಕೊಂಡು ಹೋಗಿ ದೀಪದ ಸ್ವಿಚ್ ಒತ್ತಿದರು.

ಗೋಡೆಯ ಮೇಲೆ ದೊಡ್ಡ ಚೌಕಟ್ಟಿನಲ್ಲಿ ಬಣ್ಣದ ಚಿತ್ರ. ಹಣೆ ತುಂಬ ಕುಂಕುಮ. ಹಸಿರಂಚಿನ ಕೆಂಪು ಸೀರೆ. ತಲೆ ತುಂಬ ಮಲ್ಲಿಗೆ. ಕಣ್ಣು ಅದೇ ಈಜಿಪ್ಟಿನವಳದು. ಅಯ್ಯೋ ದೇವರೇ ಎಂದು ಬಾಯಿ ತೆರೆದೆ. ಮೇಷ್ಟ್ರು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದು ಒತ್ತಿದರು.

ತಂಗಿ ಹೇಳುತ್ತಲೇ ಇದ್ದರು. "ಅವ್ವ ಆಸಿಗೆ ಇಡ್ದಾಗ ಮಗಳ ಮುಖ ನೋಡ್ಬೇಕು ಅಂತ ಅಟ ಮಾಡದ್ಲು. ಅಕ್ಕ ಏಳನೇ ಕ್ಲಾಸಲ್ಲಿ ಇದ್ದಾಗ ಇಸ್ಕೂಲಲ್ಲಿ ತೆಗ್ಸಿದ್ ಗುಂಪಿನ್ ಫೋಟ ಒಂದು ಇತ್ತು. ಉದ್ದಿನಕಾಳಷ್ಟು ಮುಖ ಕಣ್ ಭಾವ. ನಾನೇ ಕತ್ರಿ ತಕ್ಕಂಡು ಅದ್ನ ಕತ್ತರ್ಸಿ ಕೊಟ್ಟೆ, ನಮ್ಮೋರು ಆಸನುಕ್ಕೆ ತಕ್ಕಂಡೋಗಿ ಇಸ್ಟುಡಿಯಾದಲ್ಲಿ ಕೊಟ್ರು. ಮುತ್ತೈದೆ ಮಾಡಿಸ್ಕಬನ್ನಿ ಅಂದಿದ್ದೆ. ಯಾರೋ ಪುಣ್ಯಾತ್ಮ ಬರ್ದವ್ನೆ, ಥೇಟ್ ನಮ್ಮಕ್ಕನೇ. ಆ ಕಣ್ಣು ನೋಡಿ. ಅಂಗೇ ಇದ್ಲು."

"ಆ ಸಣ್ಣ ಫೋಟೋ?" ಎಂದು ಮೇಷ್ಟ್ರು ಕೇಳಿದರು. ಅವರ ದನಿ ಸಹಜವಾಗಿಯೇ ಇತ್ತು.

"ಅದು ವಾಪಸ್ ಬರ್ಲಿಲ್ಲ. ಎಲ್ಲೋ ಕಳ್ದೋಯ್ತು ಅಂದ್ರಂತೆ. ಓಗ್ಲಿ ಬುಡಿ, ದೊಡ್ಡದು ಬಂತಲ್ಲ."

ಮೇಷ್ಟ್ರು ಕನ್ನಡಕವನ್ನು ಹಣೆಗೆ ಏರಿಸಿ ಚಿತ್ರದ ಹತ್ತಿರ ಹೋದರು. ಕುಂಕುಮ, ಸೀರೆ, ಓಲೆ ಎಲ್ಲವನ್ನೂ ಬಿಟ್ಟು ಗಲ್ಲದ ಹತ್ತಿರ ಬಹಳ ಹೊತ್ತು ನೋಡಿದರು. ರೂಢಿಗೆ ಸಿಕ್ಕದೆ ಉಳಿದುಕೊಂಡದ್ದು ಏನಾದರೂ ಅಲ್ಲಿತ್ತೋ ಏನೋ, ನನಗೆ ಕಾಣಲಿಲ್ಲ. ನಾನು ಮೊಬೈಲ್ ತೆಗೆದೆ. ಬೇಡ ಎಂದು ತಲೆ ಅಲ್ಲಾಡಿಸಿದರು. ತಂಗಿ ಸ್ಟೂಲು ಎಳೆದುಕೊಂಡು, "ತಕ್ಕಂಡೋಗಿ ಭಾವ. ನಿಮ್ಗೆ ಸೇರ್ಬೇಕಾದ್ದು" ಎಂದು ಹತ್ತಲು ಹೋದರು. ಮೇಷ್ಟ್ರು ಗಾಬರಿಯಿಂದ ತಡೆದರು. "ಅಲ್ಲೇ ಇರ್ಲಿ ಕಣವ್ವ. ನಿನ್ನ ಕಣ್ಣಿಗೆ ಅಕ್ಕ ಕಾಣ್ತಿದಾಳಲ್ಲ, ಇರ್ಲಿ. ಬರೆದೋನು ಚೆನ್ನಾಗೇ ಬರೆದವ್ನೆ" ಎಂದರು.

ಉಂಡು ಹೊರಟೆವು. ಬೋರ್ಡಿನ ದುಪ್ಪಟಿ ಬಿಚ್ಚಲೇ ಇಲ್ಲ. ಬಸ್ಸಿನಲ್ಲಿ ಅರಕಲಗೂಡಿನ ತನಕ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ನಾನು ತಲೆ ತಿನ್ನದಿದ್ದರೆ, ಆ ಮನೆಯಲ್ಲಿ ಒಂದು ಫೋಟೋ ಇದ್ದೀತು ಎಂಬ ಆಸೆಯಾದರೂ ಅವರ ಜೊತೆ ಉಳಿಯುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಟೀ ತಂದುಕೊಟ್ಟು, "ತಪ್ಪಾಯ್ತು ಸಾರ್" ಎಂದೆ. ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

"ನಿಂದೇನಮ್ಮ ತಪ್ಪು" ಎಂದರು. ಟೀ ಆರುವ ತನಕ ಲೋಟ ಹಿಡಿದುಕೊಂಡೇ ಇದ್ದರು. "ನಾನೂ ಆಗ್ಲಿಂದ ಯೋಚನೆ ಮಾಡ್ತಾ ಇದೀನಿ. ಬರೆದದ್ದು ನೆನಪೇ ಬರ್ತಿಲ್ಲ ಕಣಮ್ಮ. ಮಳೆಗಾಲವೋ, ಬೇಸಿಗೆಯೋ, ಏನೂ ಇಲ್ಲ. ಎರಡು ದಿನದಲ್ಲಿ ಮುಗಿಸಿ ಕೊಟ್ಟಿರ್ತೀನಿ. ಮುತ್ತೈದೆ ಅಂದ್ರೆ ಎರಡೇ ದಿನ."

ಹಾಸನದ ಬಸ್ಸು ಬಂತು. ಜನ ನುಗ್ಗಿದರು. ಅವರ ಬೋರ್ಡನ್ನು ಕಿಟಕಿಯಿಂದ ತೂರಿಸಿ ಸೀಟು ಹಿಡಿದುಕೊಟ್ಟೆ. ಹತ್ತಿ ಕೂತವರು ಸರಳಿನ ಹತ್ತಿರ ಮುಖ ತಂದು, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದರು.

"ಗೊತ್ತಿದ್ರೆ ಇನ್ನೊಂದೆರಡು ದಿನ ಮನೇಲಿ ಇಟ್ಕೊತಿದ್ದೆ ಕಣಮ್ಮ."